ಬೋರ್ ಹಾಕಿಸುವ ಮುಂಚೆ: ಒಣ ನೆಲದಲ್ಲಿ ಮೇಲ್ಪದರದ ನೀರು ಹುಡುಕುವ ಸರ್ವೆ, ಹಂತ ಹಂತವಾಗಿ

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡದವರಲ್ಲಿ ಬಹಳ ಜನಕ್ಕೆ ಊರಲ್ಲಿ ಹೊಲ ಇದೆ. ಜತ್ತ, ಅಕ್ಕಲಕೋಟ, ಇಂಡಿ, ಆಳಂದ ಕಡೆಯವರೇ ಜಾಸ್ತಿ. ಕೆಲವರು ಇತ್ತೀಚೆಗೆ ಪುರಂದರ, ಶಿರೂರು, ದೌಂಡ್ ಕಡೆ ಒಂದೆರಡು ಎಕರೆ ತಗೊಂಡಿದ್ದಾರೆ. ಬೇಸಿಗೆ ಶುರುವಾದರೆ ಒಂದೇ ಪ್ರಶ್ನೆ: "ಅಣ್ಣಾ, ಒಂದು ಪಾಯಿಂಟ್ ನೋಡಿ ಕೊಡ್ರಿ. ಎಷ್ಟು ಫೂಟಿಗೆ ನೀರು ಸಿಗ್ತದ?"

ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಯಂತ್ರ ಇಲ್ಲ. ಸರ್ವೆ ಯಂತ್ರ ತೋರಿಸುವುದು ಕಲ್ಲು ಮಣ್ಣಿನ ಗುಣವನ್ನು. ಎಷ್ಟು ಆಳದವರೆಗೆ ಮಣ್ಣು, ಎಲ್ಲಿಂದ ಎಲ್ಲಿಗೆ ಮೆತ್ತನೆಯ ಮುರಮ್ (ಕೊಳೆತ ಕಲ್ಲು), ಎಲ್ಲಿ ಗಟ್ಟಿ ಕಲ್ಲು ಶುರು, ಇಷ್ಟು ಅದು ಹೇಳುತ್ತದೆ. ಅದರಲ್ಲಿ ನೀರು ನಿಲ್ಲಬಹುದಾ ಅಂತ ತೀರ್ಮಾನ ಮಾಡುವುದು ನಾವು. ಇದು ತಲೆಯಲ್ಲಿದ್ದರೆ ಸರ್ವೆಯಿಂದ ಎರಡು ದೊಡ್ಡ ಲಾಭ ಇವೆ. ಎಲ್ಲಿ ಕೊರೆಯಬಾರದು ಅಂತ ಗೊತ್ತಾಗುತ್ತದೆ. ಎಷ್ಟು ಆಳಕ್ಕೆ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ. ದುಡ್ಡು ಉಳಿಯುವುದು ಇವೆರಡರಿಂದಲೇ.

ಮೊದಲು ಕಾಲ ಕೆಳಗೆ ಯಾವ ಕಲ್ಲಿದೆ ಅಂತ ತಿಳಿದುಕೊಳ್ಳಿ

ಪುಣೆ ಜಿಲ್ಲೆ ಪೂರ್ತಿ ಲಾವಾದ ಕಲ್ಲಿನ ಮೇಲೆ ಕೂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿ ಆದ ಬಸಾಲ್ಟ್ ಇದು. ಜತ್ತ, ಅಕ್ಕಲಕೋಟ, ಇಂಡಿ, ಆಳಂದದಲ್ಲೂ ಅದೇ ಕಲ್ಲು. ಹಾಗಾಗಿ ಪುಣೆಯ ಪೂರ್ವ ತಾಲೂಕುಗಳಲ್ಲಿ ಕಲಿತದ್ದು ನಮ್ಮ ಊರ ಕಡೆಗೂ ಉಪಯೋಗಕ್ಕೆ ಬರುತ್ತದೆ. ಮಳೆಯೂ ಹೆಚ್ಚು ಕಡಿಮೆ ಹಾಗೆಯೇ. ಜಿಲ್ಲೆಯ ಪಶ್ಚಿಮದ ಲೋಣಾವಳದಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆ ಪೂರ್ವದ ದೌಂಡ್, ಇಂದಾಪುರಕ್ಕೆ ಬರುವಷ್ಟರಲ್ಲಿ 500ರ ಆಸುಪಾಸಿಗೆ ಇಳಿದಿರುತ್ತದೆ.

ಬಸಾಲ್ಟಿನ ಒಂದೊಂದು ಹರಿವಿಗೂ ಎರಡು ಭಾಗ ಇರುತ್ತದೆ. ಮೇಲ್ಭಾಗದಲ್ಲಿ ಗಾಳಿಗುಳ್ಳೆಗಳಿಂದ ಆದ ರಂಧ್ರಗಳು. ಕೆಳಭಾಗ ಗಟ್ಟಿ ಕರಿಕಲ್ಲು. ನೀರು ನಿಲ್ಲುವುದು ರಂಧ್ರದ ಭಾಗದಲ್ಲಿ, ಬಿರುಕುಗಳಲ್ಲಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ. ಅದೇ ಮುರಮ್, ನಮ್ಮ ಕಡೆ ಗರಸು ಅಂತಾರೆ. ಗಟ್ಟಿ ಕರಿಕಲ್ಲಿನೊಳಗೆ ಬಿರುಕು ಇಲ್ಲದಿದ್ದರೆ ಒಂದು ಹನಿ ನೀರೂ ಇರುವುದಿಲ್ಲ, ಸಾವಿರ ಫೂಟು ಕೊರೆದರೂ ಇಲ್ಲ.

ರಂಧ್ರ ಇದ್ದ ಮಾತ್ರಕ್ಕೆ ನೀರು ಇದೆ ಅಂತಲೂ ಅಲ್ಲ. ಪುಣೆಯ ವಾಘೋಲಿ ಕಡೆಯ ಕಲ್ಲಿನ ಕ್ವಾರಿಗಳು ಖನಿಜ ಸಂಗ್ರಹ ಮಾಡುವವರಿಗೆ ಜಗತ್ತಿನಾದ್ಯಂತ ಗೊತ್ತು. ಅಲ್ಲಿ ಬಸಾಲ್ಟಿನ ರಂಧ್ರಗಳೊಳಗೆ ಬಿಳಿ, ಹಸಿರು, ನೀಲಿ ಹರಳುಗಳು ಬೆಳೆದಿವೆ. ನೋಡಲು ಬಹಳ ಚಂದ. ಆದರೆ ರಂಧ್ರ ಹರಳಿನಿಂದ ತುಂಬಿದರೆ ನೀರಿಗೆ ಜಾಗ ಉಳಿಯುವುದಿಲ್ಲ. ಎರಡು ಹರಿವುಗಳ ನಡುವೆ ಇಟ್ಟಿಗೆ ಬಣ್ಣದ ಕೆಂಪು ಮಣ್ಣಿನ ಪದರ ಸಿಗುತ್ತದಲ್ಲ, ಅದೂ ಹಾಗೆ. ಜೇಡಿಯಂತಿರುವ ಅದು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ನಿಮ್ಮ ಹೊಲ ಕೋಲಾರ, ರಾಯಚೂರು ಕಡೆ ಇದ್ದರೆ ಕಲ್ಲು ಬೇರೆ, ಗ್ರಾನೈಟ್ ಮತ್ತು ನೈಸ್. ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು. ವಿಧಾನ ಅದೇ, ಆದರೆ ಮುಂದೆ ಬರುವ ಅಂಕಿಗಳು ಅಲ್ಲಿಗೆ ಹೊಂದುವುದಿಲ್ಲ.

ಯಂತ್ರ ತರುವ ಮುಂಚೆ ಬಾವಿ ಸುತ್ತಿ ಬನ್ನಿ

ಇದು ಖರ್ಚಿಲ್ಲದ ಕೆಲಸ. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಸುತ್ತ ಒಂದು ಕಿಲೋಮೀಟರಿನೊಳಗಿನ ಎಲ್ಲ ತೆರೆದ ಬಾವಿ, ಬೋರ್ ನೋಡಿ. ಒಂದು ನೋಟ್‌ಬುಕ್, ಕಲ್ಲು ಕಟ್ಟಿದ ಹಗ್ಗ, ಫೋನಿನ ಜಿಪಿಎಸ್ ಸಾಕು. ಬಾವಿಯ ಆಳ, ನೀರಿನ ಮಟ್ಟ, ಬೇಸಿಗೆಯಲ್ಲಿ ಬತ್ತುವ ತಿಂಗಳು, ಕೇಸಿಂಗ್ (ಬೋರಿನ ಗೋಡೆ ಕುಸಿಯದಂತೆ ಹಾಕುವ ಪೈಪ್) ಎಷ್ಟು ಫೂಟು ಇಳಿಸಿದ್ದರು, ಬತ್ತಿದ ಬೋರ್ ಎಷ್ಟು, ಎಲ್ಲ ಬರೆದುಕೊಳ್ಳಿ. ಬತ್ತಿದ ಬೋರಿನ ಬಗ್ಗೆ ಜನ ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ. ಕೇಸಿಂಗ್ ಲೆಕ್ಕ ತುಂಬಾ ಬೆಲೆಬಾಳುವ ಮಾಹಿತಿ. ಕೇಸಿಂಗ್ ಇಳಿಸುವುದು ಮೆತ್ತನೆಯ ಪದರ ಮುಗಿಯುವವರೆಗೆ. ಹಾಗಾಗಿ ಪಕ್ಕದ ಹೊಲದಲ್ಲಿ 50 ಫೂಟು ಕೇಸಿಂಗ್ ಹೋಗಿದೆ ಅಂದರೆ ಅಲ್ಲಿ ಮುರಮ್ ಸುಮಾರು ಅಷ್ಟು ದಪ್ಪ ಇದೆ ಅಂತ ಅರ್ಥ.

ತೆರೆದ ಬಾವಿಯ ಗೋಡೆಯನ್ನು ಗಮನವಿಟ್ಟು ನೋಡಿ. ಮೇಲೆ ಕಪ್ಪು ಎರೆಮಣ್ಣು, ಕೆಳಗೆ ಹಳದಿ ಕಂದು ಮುರಮ್, ಅದರ ಕೆಳಗೆ ಈರುಳ್ಳಿ ಸಿಪ್ಪೆಯ ಹಾಗೆ ಬಿಡುವ ಕಲ್ಲು, ಆಮೇಲೆ ಕರಿಕಲ್ಲು. ಸೆಲೆ ಎಲ್ಲಿಂದ ಜಿನುಗುತ್ತಿದೆ ನೋಡಿ. ಬಹಳ ಸಲ ಅದು ಮುರಮ್ ಮುಗಿದು ಗಟ್ಟಿ ಕಲ್ಲು ಶುರುವಾಗುವ ಜಾಗದಲ್ಲೇ ಇರುತ್ತದೆ. ಆ ಒದ್ದೆ ಗೆರೆಯ ಆಳ ಅಳೆದಿಟ್ಟುಕೊಳ್ಳಿ. ಯಂತ್ರ ಇಟ್ಟಾಗ ಹುಡುಕಬೇಕಾದ್ದು ಅದನ್ನೇ.

ಮನೆಯಲ್ಲಿ ಕೂತು ಮಾಡುವ ಕೆಲಸವೂ ಇದೆ. ಗೂಗಲ್ ಅರ್ಥ್ ಅಥವಾ ಇಸ್ರೋದ ಭುವನ್‌ನಲ್ಲಿ ಹೊಲ ತೆಗೆಯಿರಿ. ಬೇಸಿಗೆಯ ಚಿತ್ರ ನೋಡಿ. ಎಲ್ಲ ಒಣಗಿದ್ದಾಗಲೂ ಗಿಡಗಳು ಒಂದು ನೇರ ಗೆರೆಯಲ್ಲಿ ಹಸಿರಾಗಿವೆಯಾ? ಹಳ್ಳ ಇದ್ದಕ್ಕಿದ್ದಂತೆ ನೇರ ತಿರುಗಿ ಬಹಳ ದೂರ ಹಾಗೆಯೇ ಹೋಗಿದೆಯಾ? ಅಲ್ಲಿ ಕೆಳಗೆ ಬಿರುಕು ಇರುವ ಸಾಧ್ಯತೆ ಇದೆ. ಮಹಾರಾಷ್ಟ್ರದ ಭೂಜಲ ಇಲಾಖೆ ಜಿಎಸ್‌ಡಿಎಯ ಮುಖ್ಯ ಕಚೇರಿ ಪುಣೆಯಲ್ಲೇ ಇದೆ. ಅಂತರ್ಜಲದ ಮೇಲೆ ಕೆಲಸ ಮಾಡುವ ಅಕ್ವಾಡಂ ಸಂಸ್ಥೆಯೂ ಪುಣೆಯದೇ. ಕೇಂದ್ರ ಅಂತರ್ಜಲ ಮಂಡಳಿ 2012ರಿಂದ ದೇಶದ ಜಲಪದರಗಳ ನಕ್ಷೆ ಮಾಡುತ್ತಿದೆ. ನಿಮ್ಮ ತಾಲೂಕಿನ ವರದಿ ಸಿಕ್ಕರೆ ಓದಿ. ಅದು ಹೊಲದ ಪಾಯಿಂಟ್ ಹೇಳುವುದಿಲ್ಲ, ಆದರೆ ಊರಿನ ಕಲ್ಲಿನ ಪರಿಚಯ ಮಾಡಿಸುತ್ತದೆ.

ತೆಂಗಿನಕಾಯಿ, ಬೇವಿನ ಕವೆ ಹಿಡಿದು ನೀರು ನೋಡುವವರನ್ನು ಮನೆಯ ಹಿರಿಯರು ಕರೆಸಿದ್ದರೆ ಜಗಳ ಬೇಡ. ಅವರು ಹೇಳಿದ ಜಾಗಕ್ಕೂ ಒಂದು ಗೂಟ ಹೊಡೆದು, ಅಲ್ಲೂ ಸರ್ವೆ ಮಾಡಿಸಿ. ಅಂಕಿ ಎದುರಿಗಿದ್ದರೆ ಮಾತು ಸುಲಭ.

ಯಾವ ವಿಧಾನ?

ಒಬ್ಬ ರೈತನ ಹೊಲಕ್ಕೆ, 10ರಿಂದ 40 ಮೀಟರ್ ಆಳದ ನೀರಿಗೆ, ವಿದ್ಯುತ್ ರೆಸಿಸ್ಟಿವಿಟಿ ವಿಧಾನವೇ, ಅಂದರೆ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವುದೇ, ಮೊದಲ ಆಯ್ಕೆ. ಕಾನ್ರಾಡ್ ಶ್ಲುಂಬರ್ಜೆ ಫ್ರಾನ್ಸಿನಲ್ಲಿ 1912ರಲ್ಲಿ ಇದರ ಮೊದಲ ಪ್ರಯೋಗ ಮಾಡಿದರು. ಇವತ್ತಿಗೂ ತತ್ವ ಅದೇ. ಎರಡು ಸರಳುಗಳಿಂದ ನೆಲಕ್ಕೆ ಕರೆಂಟ್ ಬಿಡುವುದು, ನಡುವಿನ ಎರಡು ಸರಳುಗಳಲ್ಲಿ ವೋಲ್ಟೇಜ್ ಅಳೆಯುವುದು. ಹೊರಗಿನ ಸರಳುಗಳನ್ನು ದೂರ ದೂರ ಒಯ್ದಷ್ಟೂ ಕರೆಂಟ್ ಆಳಕ್ಕೆ ಇಳಿಯುತ್ತದೆ. ಒಣ ಗಟ್ಟಿ ಕಲ್ಲು ಕರೆಂಟನ್ನು ತಡೆಯುತ್ತದೆ. ನೀರು ತುಂಬಿದ ಮುರಮ್ ಬಿಡುತ್ತದೆ. ಜೇಡಿಮಣ್ಣು ಇನ್ನೂ ಸುಲಭವಾಗಿ ಬಿಡುತ್ತದೆ. ಈ ಕೊನೆಯ ಮಾತು ನೆನಪಿಡಿ, ಎಡವುವುದು ಅಲ್ಲೇ.

ಉಳಿದ ವಿಧಾನಗಳನ್ನು ಬೇಗ ಹೇಳಿಬಿಡುತ್ತೇನೆ. ಭೂಕಂಪನ ವಿಧಾನದಲ್ಲಿ ದೊಡ್ಡ ಸುತ್ತಿಗೆಯಿಂದ ನೆಲಕ್ಕೆ ಹೊಡೆದು, ಅಲೆ ಬರುವ ವೇಗ ಅಳೆಯುತ್ತಾರೆ. ಒಣ ಸಡಿಲ ಮಣ್ಣಿನಲ್ಲಿ ಸೆಕೆಂಡಿಗೆ ಕೆಲವೇ ನೂರು ಮೀಟರ್, ಗಟ್ಟಿ ಬಸಾಲ್ಟಿನಲ್ಲಿ ಐದು ಸಾವಿರದ ಆಸುಪಾಸು. ಮುರಮ್ ಎಷ್ಟು ದಪ್ಪ ಅಂತ ತಿಳಿಯಲು ಇದು ಒಳ್ಳೆಯದು. ವಿಎಲ್ಎಫ್ (ಅತಿ ಕಡಿಮೆ ಆವರ್ತನ) ವಿಧಾನ ನೌಕಾಪಡೆಯ ರೇಡಿಯೋ ಅಲೆಗಳನ್ನು ಬಳಸುತ್ತದೆ. ತಮಿಳುನಾಡಿನ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರದಿಂದ ಜಲಾಂತರ್ಗಾಮಿಗಳಿಗೆ ಹೋಗುವ ಸಿಗ್ನಲ್ ಇದಕ್ಕೆ ಉಪಯೋಗಕ್ಕೆ ಬರುತ್ತದೆ. ಒಬ್ಬರೇ ನಡೆದು ಹೋಗುತ್ತಾ ಅಳೆಯಬಹುದು. ಉದ್ದನೆಯ ಬಿರುಕು ಹುಡುಕಲು ಚುರುಕು, ಆದರೆ ಕರೆಂಟ್ ತಂತಿ ಹತ್ತಿರ ಇದ್ದರೆ ಕೆಡುತ್ತದೆ. ಮ್ಯಾಗ್ನೆಟೋಮೀಟರ್ ಲಾವಾ ಬಿರುಕಿನೊಳಗೆ ಹೆಪ್ಪುಗಟ್ಟಿ ಕಲ್ಲಿನಲ್ಲಿ ಗೋಡೆಯಂತೆ ನಿಂತ ಡೈಕ್‌ಗಳನ್ನು ತೋರಿಸುತ್ತದೆ. ನೆಲದ ರಾಡಾರ್ ನಮ್ಮ ಎರೆಮಣ್ಣಿಗೆ ದಂಡ. ಜೇಡಿ ಅದರ ಅಲೆಯನ್ನು ಮೇಲೆಯೇ ನುಂಗಿಬಿಡುತ್ತದೆ.

ಹೆಲಿಕಾಪ್ಟರ್ ಸರ್ವೆಯ ಸುದ್ದಿ ನೀವು ಓದಿರಬಹುದು. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ ಮತ್ತು ಕೇಂದ್ರ ಅಂತರ್ಜಲ ಮಂಡಳಿ ಸೇರಿ ತುಮಕೂರು ಜಿಲ್ಲೆಯ ಅಂಕಸಂದ್ರ, ನಾಗಪುರ ಕಡೆಯ ಚಂದ್ರಭಾಗಾ ಜಲಾನಯನ ಸೇರಿದಂತೆ ಆರು ಕಡೆ ಅದನ್ನು ಪ್ರಯೋಗ ಮಾಡಿದ್ದವು. 2021ರಲ್ಲಿ ಜೋಧಪುರದಿಂದ ವಾಯವ್ಯ ಭಾರತದ ಒಣ ರಾಜ್ಯಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಅದು ಇಡೀ ಪ್ರದೇಶದ ಚಿತ್ರಕ್ಕೆ. ಎರಡೆಕರೆಯ ಪಾಯಿಂಟಿಗೆ ಅಲ್ಲ.

ಹೊಲದಲ್ಲಿ ಸಾಲು ಎಳೆಯುವುದು

ಸರ್ವೆಗೆ ಏಪ್ರಿಲ್, ಮೇ ಒಳ್ಳೆಯ ಕಾಲ. ನೀರಿನ ಮಟ್ಟ ಅತಿ ಕೆಳಗಿರುತ್ತದೆ. ಆಗ ಕಾಣುವ ನೀರೇ ನಂಬುವ ನೀರು.

ಮೊದಲ ತೊಡಕು ಜಾಗ. ಒಂದು ಎಕರೆ ಚೌಕಾಕಾರ ಇದ್ದರೆ ಒಂದು ಬದಿ ಸುಮಾರು 64 ಮೀಟರ್, ಮೂಲೆಯಿಂದ ಮೂಲೆಗೆ 90. ಆದರೆ ಹೊರ ಸರಳನ್ನು ನಡುವಿನಿಂದ ಎರಡೂ ಕಡೆ 60 ಮೀಟರ್ ಒಯ್ಯಬೇಕೆಂದರೆ 120 ಮೀಟರ್ ನೇರ ಸಾಲು ಬೇಕು. 100 ಒಯ್ಯಬೇಕೆಂದರೆ 200. ಅಂದರೆ ಪಕ್ಕದ ಹೊಲದವರನ್ನು ಮುಂಚೆಯೇ ಕೇಳಿಡಬೇಕು. ಸಣ್ಣ ಪ್ಲಾಟಿನೊಳಗೇ 30 ಮೀಟರ್ ಸಾಲು ಹಾಕಿ "300 ಫೂಟಿಗೆ ನೀರಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವರ ಕರೆಂಟ್ ಅಷ್ಟು ಆಳಕ್ಕೆ ಹೋಗಿಯೇ ಇಲ್ಲ.

ಸಾಲು ಸಾಧ್ಯವಾದಷ್ಟು ಸಮತಟ್ಟಾಗಿರಲಿ, ಬದುವಿಗೆ ಸಮಾನಾಂತರವಾಗಿರಲಿ. ಹಳ್ಳ ದಾಟಬೇಡಿ. ಕಬ್ಬಿಣದ ಪೈಪ್‌ಲೈನ್, ತಂತಿ ಬೇಲಿ, ವಿದ್ಯುತ್ ಲೈನಿನ ಪಕ್ಕಕ್ಕೆ ಸಾಲು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಅವುಗಳಿಗೆ ಅಡ್ಡವಾಗಿ ಹಾಕಿ.

ಶ್ಲುಂಬರ್ಜೆ ಜೋಡಣೆಯಲ್ಲಿ ಹೊರ ಸರಳುಗಳಿಗೆ ಎ ಮತ್ತು ಬಿ, ಒಳ ಸರಳುಗಳಿಗೆ ಎಂ ಮತ್ತು ಎನ್ ಅಂತ ಹೆಸರು. ಮಧ್ಯದಲ್ಲಿ ಗೂಟ ಹೊಡೆದು, ಎರಡೂ ಕಡೆ ಟೇಪ್ ಹಾಸಿ. ಎಂ, ಎನ್ ನಡುವಿನ ಅಂತರ ಎ, ಬಿ ಅಂತರದ ಐದನೇ ಒಂದು ಭಾಗ ಮೀರಬಾರದು. ಎಂ, ಎನ್ ಹಾಗೆಯೇ ಇಟ್ಟು ಎ, ಬಿಯನ್ನು ಮಾತ್ರ ಮಧ್ಯದ ಗೂಟದಿಂದ 2, 3, 4, 6, 8, 10, 15, 20, 30, 40, 60 ಮೀಟರ್‌ಗೆ ಸರಿಸುತ್ತಾ ಹೋಗಿ. ಯಂತ್ರದಲ್ಲಿ ವೋಲ್ಟೇಜ್ ತೀರಾ ಸಣ್ಣದಾದಾಗ ಎಂ, ಎನ್ ಅಗಲಿಸಿ. ಆಗ ಎ, ಬಿ ಅದೇ ಜಾಗದಲ್ಲಿಟ್ಟು ಹಳೆಯ ಮತ್ತು ಹೊಸ ಎರಡೂ ಅಂತರದಲ್ಲಿ ರೀಡಿಂಗ್ ತೆಗೆಯಿರಿ. ಎರಡೂ ಹೆಚ್ಚು ಕಡಿಮೆ ಒಂದೇ ಬರಬೇಕು. ತುಂಬಾ ವ್ಯತ್ಯಾಸ ಬಂದರೆ ಒಳ ಸರಳಿನ ಹತ್ತಿರ ನೆಲ ಒಂದೇ ರೀತಿ ಇಲ್ಲ. ಸಾಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ.

ಬೇಸಿಗೆಯಲ್ಲಿ ಸರಳು ಮತ್ತು ಮಣ್ಣಿನ ಸಂಪರ್ಕವೇ ದೊಡ್ಡ ತಲೆನೋವು. ಎರೆಮಣ್ಣು ಒಣಗಿ ಅಂಗೈ ಹೋಗುವಷ್ಟು ಬಿರಿದಿರುತ್ತದೆ. ಆ ಬಿರುಕಿನೊಳಗೆ ಸರಳು ನಿಲ್ಲಿಸಿದರೆ ಸುತ್ತ ಗಾಳಿಯೇ, ಕರೆಂಟ್ ಇಳಿಯುವುದಿಲ್ಲ. ಬಿರುಕು ಬಿಟ್ಟು, ಹೆಂಟೆಯ ನಡುವೆ ಸರಳು ಹೊಡೆಯಬೇಕು. ಬಕೆಟ್‌ನಲ್ಲಿ ಉಪ್ಪು ಕಲಸಿದ ನೀರು ಇಟ್ಟುಕೊಂಡು, ಸರಳಿನ ಬುಡಕ್ಕೆ ಒಂದೊಂದು ಚೊಂಬು ಹಾಕಿ ಕಾಲಿಂದ ಮಣ್ಣು ಮೆಟ್ಟಬೇಕು. ಯಂತ್ರದಲ್ಲಿ ಕರೆಂಟ್ ಮಿಲಿಆಂಪಿಯರ್ ಏರುವುದು ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರಿಕೆ: ಸರಳು ಹತ್ತಿರ ಹತ್ತಿರ ಇದ್ದಾಗ ಅದನ್ನು ಆಳಕ್ಕೆ ಹೊಡೆಯಬೇಡಿ. ಎರಡು ಮೀಟರ್ ಅಂತರಕ್ಕೆ 10 ಸೆಂಟಿಮೀಟರ್ ಸಾಕು.

ಕರೆಂಟ್ ಸರಳುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಇದನ್ನು ಹಗುರವಾಗಿ ತಗೋಬೇಡಿ. ಎರಡೂ ತುದಿಯಲ್ಲಿ ಒಬ್ಬೊಬ್ಬರು ನಿಂತಿರಲಿ. "ಬಿಡ್ಲಾ?" ಅಂತ ಕೇಳಿ, "ಹೂಂ" ಅಂತ ಉತ್ತರ ಬಂದಮೇಲೆಯೇ ಸ್ವಿಚ್. ದನ ಕರು, ಮಕ್ಕಳು ಸಾಲಿನ ಹತ್ತಿರ ಬರಬಾರದು. ಗುಡುಗು ಕೇಳಿದ ತಕ್ಷಣ ವೈರ್ ಕಳಚಿ ಕೆಲಸ ನಿಲ್ಲಿಸಿ. ಮೇ ತಿಂಗಳ ಸಂಜೆ ಮಳೆ ಹೇಳಿ ಕೇಳಿ ಬರುವುದಿಲ್ಲ.

ಮೊಟ್ಟಮೊದಲ ಸಾಲನ್ನು ನಿಮ್ಮ ಹೊಲದಲ್ಲಿ ಹಾಕಬೇಡಿ. ಪಕ್ಕದಲ್ಲಿ ಒಳ್ಳೆ ನೀರಿರುವ ಬಾವಿಯ ಹತ್ತಿರ ಒಂದು, ಬತ್ತಿದ ಬೋರಿನ ಹತ್ತಿರ ಒಂದು ಹಾಕಿ. ಈ ಊರಿನ ನೆಲದಲ್ಲಿ ನೀರು ಇದ್ದರೆ ಅಂಕಿ ಹೇಗಿರುತ್ತದೆ, ಇಲ್ಲದಿದ್ದರೆ ಹೇಗಿರುತ್ತದೆ ಅಂತ ಇವೆರಡೇ ಹೇಳಿಕೊಡುತ್ತವೆ. ಈ ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಲೆಕ್ಕ

ಕೂಡು ಕಳೆ ಗುಣಾಕಾರ ಬಂದರೆ ಸಾಕು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ. ಅದನ್ನು ಜೋಡಣೆಯ ಗುಣಕದಿಂದ ಗುಣಿಸಿ. ಗುಣಕ ಹೀಗೆ: ಎ-ಬಿ ಅರ್ಧ ಅಂತರದ ವರ್ಗದಿಂದ ಎಂ-ಎನ್ ಅರ್ಧ ಅಂತರದ ವರ್ಗ ಕಳೆಯಿರಿ, 3.14ರಿಂದ ಗುಣಿಸಿ, ಎಂ-ಎನ್ ಪೂರ್ತಿ ಅಂತರದಿಂದ ಭಾಗಿಸಿ.

ಒಂದು ಉದಾಹರಣೆ. ಎ-ಬಿ ಅರ್ಧ 20 ಮೀಟರ್, ಎಂ-ಎನ್ ಅರ್ಧ 1 ಮೀಟರ್. 400ರಲ್ಲಿ 1 ಕಳೆದರೆ 399. 3.14ರಿಂದ ಗುಣಿಸಿ 2ರಿಂದ ಭಾಗಿಸಿದರೆ ಸುಮಾರು 626. ಯಂತ್ರ 100 ಮಿಲಿಆಂಪಿಯರ್ ಕರೆಂಟಿಗೆ 3.2 ಮಿಲಿವೋಲ್ಟ್ ತೋರಿಸಿತು ಅಂತಿಟ್ಟುಕೊಳ್ಳಿ. ಭಾಗಿಸಿದರೆ 0.032. ಗುಣಿಸಿದರೆ 20. ಅಂದರೆ ಆ ಅಂತರಕ್ಕೆ ನೆಲದ ರೆಸಿಸ್ಟಿವಿಟಿ 20 ಓಮ್-ಮೀಟರ್. ಇದು ಮೇಲಿಂದ ಕೆಳಗಿನವರೆಗಿನ ಪದರಗಳ ಮಿಶ್ರಣದ ಅಂಕಿ, ಯಾವುದೋ ಒಂದು ಪದರದ್ದಲ್ಲ.

ಹೊಲದಲ್ಲೇ ಲೆಕ್ಕ ಮಾಡಿ, ಅಲ್ಲೇ ಲಾಗ್ ಗ್ರಾಫ್ ಹಾಳೆಯ ಮೇಲೆ, ಅಡ್ಡಕ್ಕೆ ಎ-ಬಿ ಅರ್ಧ ಅಂತರ, ಮೇಲಕ್ಕೆ ರೆಸಿಸ್ಟಿವಿಟಿ ಹಿಡಿದು ಚುಕ್ಕೆ ಇಡಿ. ಒಂದು ಚುಕ್ಕೆ ಸಾಲು ಬಿಟ್ಟು ಹಾರಿದರೆ ವೈರ್ ಕಡಿದಿದೆ, ಸರಳು ಸಡಿಲ ಇದೆ ಅಥವಾ ಟೇಪ್ ತಪ್ಪಿದೆ. ಅಲ್ಲೇ ಸರಿಮಾಡಬಹುದು. ಪುಣೆಗೆ ವಾಪಸ್ ಬಂದು ಲ್ಯಾಪ್‌ಟಾಪ್ ತೆಗೆದಮೇಲೆ ಏನೂ ಮಾಡಲಾಗದು.

ಗ್ರಾಫ್ ಓದುವುದು

ಬಸಾಲ್ಟ್ ನಾಡಿನಲ್ಲಿ ಸ್ಥೂಲವಾಗಿ ಹೀಗೆ ಹಿಡಿಯಬಹುದು. ಎರೆಮಣ್ಣು 5ರಿಂದ 10 ಓಮ್-ಮೀಟರ್. ನೀರು ತುಂಬಿದ ಮುರಮ್, ಬಿರುಕುಬಿಟ್ಟ ಅಥವಾ ರಂಧ್ರವಿರುವ ಬಸಾಲ್ಟ್ 20ರಿಂದ 45. ಅರ್ಧಂಬರ್ಧ ಕೊಳೆತ ಕಲ್ಲು 40ರಿಂದ 70. ಅದಕ್ಕಿಂತ ಮೇಲೆ ಹೋದರೆ ಗಟ್ಟಿ ಕರಿಕಲ್ಲು. ಇವು ಗಡಿ ಗೆರೆಗಳಲ್ಲ. ನಿಮ್ಮ ಊರಿನ ಬಾವಿಯ ಹತ್ತಿರ ಬಂದ ಅಂಕಿಯೇ ಇವಕ್ಕಿಂತ ದೊಡ್ಡ ಸಾಕ್ಷಿ.

ಒಂದು ಸಾಲಿನ ಅಂಕಿ ಹೀಗಿದೆ ಅಂತಿಟ್ಟುಕೊಳ್ಳಿ: ಎ-ಬಿ ಅರ್ಧ ಅಂತರ 2 ಮೀಟರಿಗೆ 7 ಓಮ್-ಮೀಟರ್, 6ಕ್ಕೆ 10, 10ಕ್ಕೆ 14, 20ಕ್ಕೆ 20, 40ಕ್ಕೆ 34, 60ಕ್ಕೆ 46. ಗ್ರಾಫ್ ನಿಧಾನವಾಗಿ ಏರುತ್ತಿದೆ. ಐಪಿಐ2ವಿನ್ ಅಥವಾ ಬೇರೆ ಯಾವುದಾದರೂ ಸಾಫ್ಟ್‌ವೇರಿಗೆ ಹಾಕಿದರೆ ಮೇಲೆ ಎರಡೂವರೆ ಮೀಟರ್ ಎರೆಮಣ್ಣು, ಅದರ ಕೆಳಗೆ ಸುಮಾರು 15 ಮೀಟರ್ ಆಳದವರೆಗೆ 28 ಓಮ್-ಮೀಟರಿನ ಪದರ, ಆಮೇಲೆ ಗಟ್ಟಿ ಕಲ್ಲು, ಹೀಗೆ ಹೊಂದುತ್ತದೆ. ಪಕ್ಕದ ಬಾವಿಯಲ್ಲಿ ಸೆಲೆ 14 ಮೀಟರಿಗೆ ಜಿನುಗುತ್ತಿದ್ದರೆ ಎರಡೂ ಕೂಡಿಬಂದವು. ಅದೇ ಹೊಲದ ಇನ್ನೊಂದು ಕಡೆ 10 ಮೀಟರಿಗೇ 40 ಬಂದು ಅಲ್ಲಿಂದ ಗ್ರಾಫ್ ಕಡಿದಾಗಿ ಏರಿದರೆ ಕಲ್ಲು ಮೇಲೆಯೇ ಇದೆ. ಆ ಜಾಗ ಬಿಡಿ.

ಇಲ್ಲಿ ಮೂರು ಕಡೆ ಎಚ್ಚರ ಬೇಕು.

ಎ-ಬಿ ಅರ್ಧ ಅಂತರ ಅಂದರೆ ಆಳ ಅಲ್ಲ. ಬಹಳ ಜನ ಅಂತರವನ್ನೇ ಆಳ ಅಂತ ಹೇಳಿಬಿಡುತ್ತಾರೆ. ನಿಜವಾಗಿ ತಲುಪುವ ಆಳ ಎ-ಬಿ ಪೂರ್ತಿ ಅಂತರದ ಐದನೇ ಒಂದು ಭಾಗದ ಆಸುಪಾಸು ಅಂತ ಹಿಡಿಯಿರಿ, ಅದೂ ನೆಲದ ಮೇಲೆ ಅವಲಂಬಿಸಿ.

ಒಂದೇ ಗ್ರಾಫಿಗೆ ಬೇರೆ ಬೇರೆ ಉತ್ತರ ಹೊಂದುತ್ತವೆ. ಎರಡು ಗಟ್ಟಿ ಪದರಗಳ ನಡುವೆ ಸಿಕ್ಕ ಮೆತ್ತನೆಯ ಪದರ 6 ಮೀಟರ್ ದಪ್ಪ, 15 ಓಮ್-ಮೀಟರ್ ಇದ್ದರೂ, 10 ಮೀಟರ್ ದಪ್ಪ, 25 ಓಮ್-ಮೀಟರ್ ಇದ್ದರೂ ಗ್ರಾಫ್ ಹೆಚ್ಚು ಕಡಿಮೆ ಒಂದೇ. ದಪ್ಪವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿದರೆ ಎರಡಕ್ಕೂ 0.4 ಬರುತ್ತದೆ, ಅದಕ್ಕೆ. ಸಾಫ್ಟ್‌ವೇರ್ ತಪ್ಪಿನ ಪ್ರಮಾಣ ಶೇಕಡಾ 1 ತೋರಿಸಿದರೂ ಇದು ಬಗೆಹರಿಯುವುದಿಲ್ಲ. ಬಾವಿ ಗೋಡೆಯ ಅಳತೆ, ಕೇಸಿಂಗ್ ಲೆಕ್ಕ ಬೇಕಾಗುವುದು ಇಲ್ಲೇ. ದಪ್ಪ ಅಲ್ಲಿಂದ ಸಿಕ್ಕರೆ ಉಳಿದದ್ದು ತಾನೇ ಕೂರುತ್ತದೆ.

ಕೊನೆಯದು, ಅಂಕಿ ಕಡಿಮೆ ಬಂದರೆ ನೀರು ಅಂತ ಕುಣಿಯಬೇಡಿ. ಕೆಂಪು ಮಣ್ಣಿನ ಪದರ, ಜೇಡಿ, ಉಪ್ಪು ನೀರು ಎಲ್ಲವೂ ಕಡಿಮೆ ಅಂಕಿ ಕೊಡುತ್ತವೆ. ಗ್ರಾಫಿನಲ್ಲಿ 4 ಓಮ್-ಮೀಟರ್ ಕಂಡರೆ ಬಸಾಲ್ಟಿನಲ್ಲಿ ಅದು ಸಿಹಿನೀರಿನ ಗುರುತಲ್ಲ. ರಾಜಸ್ಥಾನ, ಕಚ್ಛದಂತಹ ಒಣ ಮರಳು ನಾಡಿನಲ್ಲಿ ಇದು ಇನ್ನೂ ದೊಡ್ಡ ಸಮಸ್ಯೆ. ಅಲ್ಲಿ ಮೇಲೆ ಒಣ ಮರಳು ನೂರಾರು ಓಮ್-ಮೀಟರ್, ಕೆಳಗೆ ಸಿಹಿನೀರಿನ ಮರಳು ಹತ್ತಾರು, ಉಪ್ಪು ನೀರು ಬಂದರೆ ಐದಕ್ಕಿಂತ ಕೆಳಗೆ. ಅಲ್ಲಿ ಜಾಸ್ತಿ ಆಳಕ್ಕೆ ಹೋದಷ್ಟೂ ಒಳ್ಳೆಯದು ಅನ್ನುವ ಮಾತೇ ಅಪಾಯ. ಸಿಹಿನೀರಿನ ತೆಳು ಪದರ ದಾಟಿ ಉಪ್ಪಿಗೆ ಇಳಿದರೆ ಬಾವಿಯೇ ಹಾಳು. ಹತ್ತಿರದ ಬಾವಿ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಅಳೆದಿಟ್ಟುಕೊಂಡರೆ ಈ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಒಂದು ಪಾಯಿಂಟ್ ಸಾಲದು

ಒಂದು ಸಾಲು ಒಂದು ಜಾಗದ ಮೇಲಿಂದ ಕೆಳಗಿನ ಕಥೆ ಹೇಳುತ್ತದೆ. ಹೊಲದ ಉದ್ದಕ್ಕೆ ಏನಿದೆ ಅಂತ ತಿಳಿಯಲು ವೆನ್ನರ್ ಜೋಡಣೆ ಹಾಕಿ. ನಾಲ್ಕೂ ಸರಳು ಸಮಾನ ಅಂತರದಲ್ಲಿ, ಉದಾಹರಣೆಗೆ 15 ಮೀಟರ್. ಗುಣಕ ಸುಲಭ, ಅಂತರಕ್ಕೆ 6.28. ಅಂತರ ಬದಲಿಸದೆ ಇಡೀ ಜೋಡಣೆಯನ್ನು ಹತ್ತತ್ತು ಮೀಟರ್ ಮುಂದೆ ಸರಿಸುತ್ತಾ ಹೋಗಿ. ಉಪಗ್ರಹ ಚಿತ್ರದಲ್ಲಿ ಕಂಡ ಗೆರೆಗೆ ಅಡ್ಡವಾಗಿ ನಡೆಯಿರಿ. 50, 55, 48 ಅಂತ ಬರುತ್ತಿದ್ದದ್ದು ಒಂದು ಕಡೆ 25ಕ್ಕೆ ಇಳಿದು ಮತ್ತೆ 50ಕ್ಕೆ ಏರಿದರೆ ಅಲ್ಲಿ ಮುರಮ್ ದಪ್ಪ ಇದೆ ಅಥವಾ ಬಿರುಕಿದೆ. ಶ್ಲುಂಬರ್ಜೆ ಸಾಲು ಹಾಕಬೇಕಾದ್ದು ಆ ತಗ್ಗಿನ ಮೇಲೆ.

ದುಡ್ಡಿನ ಅನುಕೂಲ ಇದ್ದರೆ ಅಥವಾ ನಾಲ್ಕೈದು ರೈತರು ಸೇರಿದರೆ ಬಹು ಸರಳಿನ ಇಮೇಜಿಂಗ್ ಮಾಡಿಸಿ. 48 ಸರಳನ್ನು ಐದೈದು ಮೀಟರಿಗೆ ಹೊಡೆದರೆ 235 ಮೀಟರ್ ಸಾಲು, ಸುಮಾರು 40 ಮೀಟರ್ ಆಳದವರೆಗೆ ನೆಲ ಸೀಳಿದಂತೆ ಚಿತ್ರ ಸಿಗುತ್ತದೆ. ಲಾವಾ ನಾಡಿನಲ್ಲಿ ಹತ್ತು ಹೆಜ್ಜೆಗೆ ಕಲ್ಲು ಬದಲಾಗುವುದರಿಂದ ಈ ಖರ್ಚು ಸುಮ್ನೆ ಹೋಗುವುದಿಲ್ಲ. ಚಿತ್ರದ ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ನೀಲಿ ಅಂದರೆ ನೀರು ಅಂತಲ್ಲ, ಕಡಿಮೆ ಅಂಕಿ ಅಂತ. ಬಣ್ಣದ ಪಟ್ಟಿಯ ಪಕ್ಕದ ಅಂಕಿ ಓದಿ.

ಸರ್ವೆಯವರನ್ನು ಕರೆಸಿದಾಗ ಕಚ್ಚಾ ರೀಡಿಂಗ್ ಕೇಳಿ ಪಡೆಯಿರಿ. ಅದು ನಿಮ್ಮ ದುಡ್ಡಿನ ದತ್ತಾಂಶ. ಕೊಡಲು ಒಪ್ಪದವರಿಗೆ, ಸರಳನ್ನೇ ನೆಡದೆ ಐದು ನಿಮಿಷದಲ್ಲಿ "ಇಲ್ಲಿ 280 ಫೂಟಿಗೆ ಮೂರು ಇಂಚು ನೀರು" ಅಂತ ಹೇಳುವವರಿಗೆ ನಮಸ್ಕಾರ ಹೇಳಿ ಕಳಿಸಿ.

ಬಾವಿಯೋ ಬೋರೋ

ಮುರಮ್ 12ರಿಂದ 18 ಮೀಟರ್ ದಪ್ಪ ಇದ್ದು, ಕೆಳಗೆ ಗಟ್ಟಿ ಕಲ್ಲಿದ್ದರೆ ನನ್ನ ಸಲಹೆ ತೆರೆದ ಬಾವಿ. ಮುರಮ್ ನೀರನ್ನು ನಿಧಾನವಾಗಿ ಬಿಡುತ್ತದೆ. ಆರು ಇಂಚಿನ ಬೋರಿನಲ್ಲಿ ಅದನ್ನು ಸಂಗ್ರಹಿಸಲು ಜಾಗವೇ ಇಲ್ಲ. ಆರು ಮೀಟರ್ ವ್ಯಾಸದ ಬಾವಿಯಲ್ಲಿ ಒಂದು ಮೀಟರ್ ನೀರು ನಿಂತರೆ 28 ಸಾವಿರ ಲೀಟರ್. ರಾತ್ರಿ ತುಂಬುತ್ತದೆ, ಬೆಳಗ್ಗೆ ಹನಿ ನೀರಾವರಿಗೆ ಬಿಡಬಹುದು. ಆಳದಲ್ಲಿ ಬಿರುಕಿನ ಗುರುತು ಸ್ಪಷ್ಟವಾಗಿದ್ದರೆ ಮಾತ್ರ ಬೋರ್.

ಕಾನೂನನ್ನೂ ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ 1993ರ ಕಾಯ್ದೆಯ ಕಾಲದಿಂದಲೇ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ ಎಂಬ ನಿಯಮ ಬಂದಿದೆ. ಕರ್ನಾಟಕದಲ್ಲೂ 1999ರ ಕಾಯ್ದೆ ಅದೇ 500 ಮೀಟರ್ ಹೇಳುತ್ತದೆ. 2011ರ ಅಂತರ್ಜಲ ಕಾಯ್ದೆಯೂ ಅಲ್ಲಿ ಜಾರಿಯಲ್ಲಿದೆ. ರಿಗ್ (ಬೋರ್ ಕೊರೆಯುವ ಯಂತ್ರ) ಕರೆಸುವ ಮುಂಚೆ ಪಂಚಾಯಿತಿಯಲ್ಲಿ, ತಾಲೂಕಿನಲ್ಲಿ ವಿಚಾರಿಸಿ.

ಕೊರೆಯುವ ದಿನ

ರಿಗ್ ಬಂದ ದಿನ ಹೊಲದಲ್ಲಿ ಇರಲೇಬೇಕು. ಪುಣೆಯಲ್ಲಿ ಕೂತು ಫೋನಿನಲ್ಲಿ ಬೋರ್ ಹಾಕಿಸಬೇಡಿ.

ಪ್ರತಿ 10 ಫೂಟಿಗೆ ಹೊರಬರುವ ಪುಡಿಯನ್ನು ಒಂದೊಂದು ಮುಷ್ಟಿ ತೆಗೆದು ಸಾಲಾಗಿ ಇಡಿ, ಪಕ್ಕದಲ್ಲಿ ಚೀಟಿಯಲ್ಲಿ ಆಳ ಬರೆಯಿರಿ. ಹಳದಿ ಪುಡಿ ಮುರಮ್. ಬೂದು ಕಪ್ಪು ಹಿಟ್ಟಿನಂತಹ ಪುಡಿ ಗಟ್ಟಿ ಕಲ್ಲು. ಅದರಲ್ಲಿ ಬಿಳಿ ಹರಳಿನ ಚೂರು ಇದ್ದರೆ ತುಂಬಿದ ರಂಧ್ರ. ಇಟ್ಟಿಗೆ ಕೆಂಪು ಬಂದರೆ ಆ ಪದರ ನೀರು ಕುಡಿದು ಉಬ್ಬಿ ಬೋರಿನೊಳಗೆ ಕುಸಿಯುತ್ತದೆ. ಕೇಸಿಂಗ್ ಬೇಕೇ ಅಂತ ಆಗಲೇ ತೀರ್ಮಾನಿಸಿ. ಈ ಪುಡಿಯ ಸಾಲನ್ನು ಸರ್ವೆಯ ಪದರಗಳ ಜೊತೆ ಹೋಲಿಸಿ. ಹೊಂದಿದರೆ ಮುಂದಿನ ಬೋರಿಗೆ ನಿಮ್ಮ ಸರ್ವೆ ಇನ್ನಷ್ಟು ನಂಬಿಕೆಯದು.

ನಿಲ್ಲಿಸುವ ಆಳವನ್ನು ಮುಂಚೆಯೇ ಕಾಗದದ ಮೇಲೆ ಬರೆದಿಡಿ. ಆಮೇಲೆ "ಇನ್ನೊಂದು ಐವತ್ತು ಫೂಟು ನೋಡೋಣ" ಅನ್ನುವ ಮಾತು ಬರುತ್ತದೆ. ಸರ್ವೆ ಕೆಳಗೆ ಬರೀ ಗಟ್ಟಿ ಕಲ್ಲು ತೋರಿಸಿದ್ದರೆ, ಪುಡಿಯೂ ಅದನ್ನೇ ಹೇಳುತ್ತಿದ್ದರೆ ನಿಲ್ಲಿಸಿ.

ನೀರು ಬಂದರೆ ಇಂಚಿನ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ವಿ ಆಕಾರದ ತಗಡಿನ ಮೇಲೆ ಹರಿಯುವ ನೀರಿನ ಎತ್ತರವೇ ಈ ಇಂಚು. ತಗಡಿನ ಕೋನ 90 ಡಿಗ್ರಿ ಇದ್ದರೆ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅದರ ಎರಡು ಪಟ್ಟಲ್ಲ, ಸುಮಾರು ಐದೂವರೆ ಪಟ್ಟು, ಗಂಟೆಗೆ 2900 ಲೀಟರ್ ಆಸುಪಾಸು. ಮೂರು ಇಂಚು ಅಂದರೆ ಸುಮಾರು 8000. ಪಂಪ್ ಖರೀದಿಸುವುದು ಈ ಲೆಕ್ಕದ ಮೇಲೆ, ಅದೂ ಕೆಲವು ಗಂಟೆ ಎಡೆಬಿಡದೆ ನೀರೆತ್ತಿ ಮಟ್ಟ ಎಷ್ಟು ಇಳಿಯುತ್ತದೆ ಅಂತ ನೋಡಿದ ಮೇಲೆ.

ನೀರು ಬರದಿದ್ದರೆ ಅದೇ ದಿನ ಬೋರ್ ಮುಚ್ಚಿಸಿ. ಮೇಲೆ ಕಲ್ಲು, ಗೋಣಿಚೀಲ ಇಟ್ಟರೆ ಮುಚ್ಚಿದಂತಲ್ಲ. ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಅಥವಾ ಕೊರೆದ ಪುಡಿ ತುಂಬಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗು ತೆರೆದ ಬೋರಿಗೆ ಬಿದ್ದು, ರಾತ್ರಿಯಿಡೀ ನಡೆದ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರಬಂತು. ರಿಗ್‌ನವರಿಗೆ ಪೂರ್ತಿ ದುಡ್ಡು ಕೊಡುವುದು ಬೋರ್ ತುಂಬಿಸಿದ ಮೇಲೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.